ನಾಲ್ಕು ವರ್ಷದ ಬಿಇ, ಅರ್ಧ ದಿನದ ವೆಬ್‌ಸೈಟು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಗಾಣದೆಣ್ಣೆ ಅಂಗಡಿಗೆ ವೆಬ್‌ಸೈಟು ಮಾಡಿಕೊಟ್ಟೆ. ಒಂದು ಸಾಲು ಕೋಡೂ ಬರೀಲಿಲ್ಲ. ಫೋಟೋ ಎಳೆದು ಇಲ್ಲಿಟ್ಟೆ, ಬೆಲೆಪಟ್ಟಿ ಎಳೆದು ಅಲ್ಲಿಟ್ಟೆ, ಊಟದ ಹೊತ್ತಿಗೆ ಸೈಟು ರೆಡಿ. ಚಿಕ್ಕಪ್ಪ ನೋಡಿ, "ಇಷ್ಟಕ್ಕಾ ನೀನು ನಾಲ್ಕು ವರ್ಷ ಬಿಇ ಓದಿದ್ದು?" ಅಂದ್ರು.

ಅವರ ಸಿಟ್ಟಿಗೆ ಕಾರಣ ಇತ್ತು. ಹಿಂದೆ ಯಾರೋ ಹುಡುಗ ಮಾಡಿಕೊಟ್ಟಿದ್ದ ಪುಕ್ಕಟೆ ಸೈಟು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಅದರ ವಿಳಾಸ ಅಚ್ಚಾಗಿದ್ದ ಎಣ್ಣೆ ಬಾಟಲಿಯ ಲೇಬಲ್ಲುಗಳು ಕಟ್ಟುಗಟ್ಟಲೆ ಇನ್ನೂ ಅಟ್ಟದ ಮೇಲಿವೆ.

ಇದು ಹೊಸ ಕತೆಯೇನಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್‌ನಲ್ಲಿ ಬರೆದ ಮೊದಲ ಬ್ರೌಸರ್‌ನಲ್ಲಿ ಪುಟ ಓದೋದಷ್ಟೇ ಅಲ್ಲ, ಅಲ್ಲೇ ತಿದ್ದಿ ಬರೆಯಲೂ ಆಗುತ್ತಿತ್ತು. ಆದರೆ 1993ರ ಹೊತ್ತಿಗೆ ಜನರ ಕೈಗೆ ಬಂದ ಮೊಸಾಯಿಕ್‌ನಲ್ಲಿ ತಿದ್ದೋ ಸೌಲಭ್ಯ ಇರಲಿಲ್ಲ. ಪುಟ ಬೇಕಂದ್ರೆ ಎಚ್‌ಟಿಎಂಎಲ್ ಕಲೀಬೇಕು, ಇಲ್ಲಾ ಕಲಿತವರಿಗೆ ದುಡ್ಡು ಕೊಡಬೇಕು.

ಈ ಕಷ್ಟ ತಪ್ಪಿಸೋಕೆ ಹಲವರು ಹೊರಟರು. 1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಶುರು ಮಾಡಿದ ವಯಾವೆಬ್‌ನಲ್ಲಿ ವ್ಯಾಪಾರಿ ಬ್ರೌಸರ್‌ನಲ್ಲೇ ಕೂತು ತನ್ನ ಆನ್‌ಲೈನ್ ಅಂಗಡಿ ಕಟ್ಟಬಹುದಿತ್ತು. 1998ರಲ್ಲಿ ಯಾಹೂ ಅದನ್ನು ಕೊಂಡಿತು. ಇಸ್ರೇಲಿನ ವಿಕ್ಸ್ ಹುಟ್ಟಿದ್ದು 2006ರಲ್ಲಿ. ಮೊದಲು ಅದು ಫ್ಲ್ಯಾಶ್ ಮೇಲೆ ನಿಂತಿತ್ತು. ಐಫೋನ್ ಫ್ಲ್ಯಾಶನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. 2012ರಲ್ಲಿ ವಿಕ್ಸ್ ಎಚ್‌ಟಿಎಂಎಲ್5ಗೆ ಬಂತು.

ಇನ್ನೊಂದು ಕಡೆ ಜಿಯೋಸಿಟೀಸ್. 1994ರಲ್ಲಿ ಶುರುವಾದ ಅದು ಜನಸಾಮಾನ್ಯರಿಗೆ ಪುಕ್ಕಟೆ ಜಾಗ ಕೊಟ್ಟು, ಬೀದಿ, ಮನೆ ನಂಬರಿನ ಹಾಗೆ ವಿಳಾಸವನ್ನೂ ಕೊಡುತ್ತಿತ್ತು. 1999ರಲ್ಲಿ ಯಾಹೂ ಸುಮಾರು 360 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರು ಹಗಲೂ ರಾತ್ರಿ ಪುಟಗಳನ್ನು ಇಳಿಸಿಕೊಂಡಿದ್ದರಿಂದ ಒಂದಷ್ಟು ಉಳಿಯಿತು. ಉಳಿದದ್ದು ಹೋಯಿತು.

ನಾವು ಎಳೆದಿಟ್ಟ ವಿನ್ಯಾಸ ಇರೋದು ಇನ್ನೊಬ್ಬರ ಸಾಫ್ಟ್‌ವೇರ್ ಒಳಗೆ. ಬಹಳಷ್ಟು ಕಡೆ ಅದನ್ನು ಹಾಗೇ ಎತ್ತಿ ಬೇರೆ ಕಡೆ ಇಡೋಕಾಗಲ್ಲ. ಆದರೆ ಡೊಮೇನ್ ಹೆಸರು ನಮ್ಮದಾಗಿದ್ರೆ ಹೊಸ ಜಾಗಕ್ಕೆ ತಿರುಗಿಸಬಹುದು, ವರ್ಷಾವರ್ಷ ಶುಲ್ಕ ಕಟ್ಟಿಕೊಂಡು ಹೋದ್ರೆ ಸಾಕು. ಈ ಸಲ ಅದನ್ನು ಚಿಕ್ಕಪ್ಪನ ಹೆಸರಲ್ಲೇ ಕೊಂಡೆ, ಅವರದೇ ಇಮೇಲಿಗೆ. ಫೋಟೋ, ಬೆಲೆಪಟ್ಟಿ, ಗಿರಾಕಿಗಳ ನಂಬರು ಎಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಗಲ್ಲಾಪೆಟ್ಟಿಗೆಯಲ್ಲಿಟ್ಟೆ.

ಇಷ್ಟೆಲ್ಲ ವಿವರಿಸಿದ ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂತೆ ಮೈದಾನ ಪಂಚಾಯ್ತಿದು, ತಕ್ಕಡಿ ನಮ್ದು. ಇದೇ ತಾನೇ ನೀನು ಹೇಳ್ತಿರೋದು?" ಅಂದ್ರು.

ಹೌದು ಚಿಕ್ಕಪ್ಪ, ಅಷ್ಟೇ. ಅದನ್ನು ತಿಳ್ಕೊಳ್ಳೋಕೆ ನನಗೆ ಬಿಇ ಬೇಕಾಯ್ತು.