ಬುರ್ಗಾನಿನ ಮರಳು

1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನ್ಯವು ಕುವೈತಿನ ಆರುನೂರಕ್ಕೂ ಮಿಕ್ಕ ತೈಲಬಾವಿಗಳಿಗೆ ಕಿಚ್ಚಿಟ್ಟಾಗ, ಉರಿಯದೆ ಉಳಿದ ಕಚ್ಚಾತೈಲವು ಬುರ್ಗಾನ್ ತೈಲಕ್ಷೇತ್ರದ ತಗ್ಗುಗಳಲ್ಲಿ ಕಪ್ಪು ಸರೋವರಗಳಾಗಿ ನಿಂತು ಮರಳಿನೊಳಕ್ಕೆ ಇಂಗಿತು. ಕಡೆಯ ಬೆಂಕಿಯು ಆ ನವೆಂಬರಿನಲ್ಲಿಯೇ ಆರಿತು. ಆ ದಶಕದಲ್ಲಿ ಕುವೈತಿನ ವೈಜ್ಞಾನಿಕ ಸಂಶೋಧನಾ ಸಂಸ್ಥೆಯವರು ಜಪಾನಿನ ತಜ್ಞರೊಡಗೂಡಿ, ಎಣ್ಣೆ ಕುಡಿದ ಮಣ್ಣನ್ನು ಶುದ್ಧಗೊಳಿಸಲೆಂದು ಅದಕ್ಕೆ ಮರದ ಚಕ್ಕೆ, ಕಾಂಪೋಸ್ಟ್, ರಸಗೊಬ್ಬರಗಳನ್ನು ಬೆರಸಿ, ಉದ್ದುದ್ದನೆಯ ದಿಬ್ಬಗಳಾಗಿ ಒಟ್ಟಿ, ನೀರುಣಿಸಿ, ಆಗಾಗ ಮಗುಚಿಹಾಕುವ ಪ್ರಯೋಗವನ್ನು ಕೈಗೊಂಡರು. ತಿಪ್ಪೆಯನ್ನು ಮಗುಚಿ ಬಲ್ಲ ನಮ್ಮ ರೈತನಿಗೆ ಈ ಕ್ರಮವು ಹೊಸದೆನಿಸದು. ಚಕ್ಕೆಯು ತೈಲವನ್ನು ತಾನೇ ನುಂಗುವುದೆಂದಲ್ಲ. ಜಿಗುಟುಗಟ್ಟಿದ ಮಣ್ಣನ್ನು ಅದು ಸಡಿಲಿಸಿ, ತೇವವನ್ನು ಹಿಡಿದು, ಗಾಳಿಗೆ ದಾರಿಮಾಡಿಕೊಡಲು, ಮರಳಿನಲ್ಲಿಯೇ ಇದ್ದ ಸೂಕ್ಷ್ಮಜೀವಿಗಳು ಹೈಡ್ರೋಕಾರ್ಬನ್ನುಗಳನ್ನು ಜೀರ್ಣಿಸಿಕೊಳ್ಳುವುವು. ಹಗುರವಾದ ಅಂಶಗಳು ಬೇಗನೆ ಕರಗಿದುವು. ಡಾಂಬರಿನಂತಹ ಭಾರದ ಅಂಶಗಳು ಹಟಹಿಡಿದು ಉಳಿದುವು. ಹಾಗಿದ್ದರೂ ಆ ಮಣ್ಣಿನಲ್ಲಿ ಗಿಡಗಳನ್ನು ನೆಟ್ಟು ಬೆಳೆಸಿಯೂ ನೋಡಿದರು.