ಕಂಪ್ಯೂಟರ್ ಮಾಡಿದ ಕಟ್ಟಡ ವಿನ್ಯಾಸದಲ್ಲಿ ತಪ್ಪೇ ಬರುವುದಿಲ್ಲವೇ?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ. ಕೋಡಿಬಾಗ ಮತ್ತು ಸದಾಶಿವಗಡವನ್ನು ಜೋಡಿಸುತ್ತಿದ್ದ ಆ ಸೇತುವೆಗೆ 41 ವರ್ಷವಾಗಿತ್ತು. ಇಂಥ ಸುದ್ದಿಯ ಬೆನ್ನಿಗೇ ಫೋನಿನಲ್ಲಿ ಓಡಾಡುವ ಮಾತೊಂದಿದೆ: "ಹಿಂದೆ ಎಲ್ಲ ಕೈಲೆಕ್ಕ. ಈಗ ಕಂಪ್ಯೂಟರೇ ಡಿಸೈನ್ ಮಾಡುತ್ತದೆ, ತಪ್ಪಾಗಲು ಸಾಧ್ಯವಿಲ್ಲ."

ಇದು ಅರ್ಧ ಸತ್ಯ. ಕಾಳಿ ಸೇತುವೆ ಬಿದ್ದದ್ದಕ್ಕೆ ಸಾಫ್ಟ್‌ವೇರ್ ಕಾರಣ ಎಂದು ನಾವು ಹೇಳುತ್ತಿಲ್ಲ. ಕಂಪ್ಯೂಟರ್ ಗುಣಾಕಾರದಲ್ಲಿ ತಪ್ಪುವುದಿಲ್ಲ, ಅದೂ ಸರಿ. ಆದರೆ ಯಾವ ವರ್ಷದ ನಿಯಮ, ಯಾವ ಊರಿನ ಹವೆ, ಯಾವ ಕಬ್ಬಿಣ ಎಂಬುದನ್ನು ಅದಕ್ಕೆ ಮನುಷ್ಯರೇ ಹೇಳಬೇಕು.

ಕಟ್ಟಡದ ನಿಯಮಗಳನ್ನು ಭಾರತೀಯ ಮಾನಕ ಬ್ಯೂರೊ ಪ್ರಕಟಿಸುತ್ತದೆ, ಆಗಾಗ ಬದಲಿಸುತ್ತದೆ. ಭೂಕಂಪದ ನಿಯಮ ಐಎಸ್ 1893 ನೋಡಿ. 3ನೇ ವಲಯಕ್ಕೆ 1984ರ ಆವೃತ್ತಿ ಕೊಟ್ಟ ಅಂಕಿ 0.04. 2002ರ ಆವೃತ್ತಿಯಲ್ಲಿ ಅದೇ ವಲಯಕ್ಕೆ 0.16, ಕಾರವಾರ ಅದರಲ್ಲಿ ಇದೇ ವಲಯದಲ್ಲಿದೆ. ಭೂಕಂಪವೇನೂ ನಾಲ್ಕು ಪಟ್ಟಾಗಲಿಲ್ಲ, ಬದಲಾದದ್ದು ಸೂತ್ರ. ಹೊಸ ಸೂತ್ರದಲ್ಲಿ ಆ ಅಂಕಿಯನ್ನು ಅರ್ಧ ಮಾಡಿ, ಕಟ್ಟಡ ಮುರಿಯದೆ ಎಷ್ಟು ಬಾಗಬಲ್ಲದು ಎಂಬ ಅಂಕಿಯಿಂದ ಭಾಗಿಸಿ, ಇನ್ನೊಂದು ಗುಣಕದಿಂದ ಗುಣಿಸಬೇಕು. ಚೆನ್ನಾಗಿ ಬಾಗಬಲ್ಲ ಚೌಕಟ್ಟಿನ ಗಿಡ್ಡ ಕಟ್ಟಡಕ್ಕೆ 0.16 ÷ 2 ÷ 5 × 2.5 = 0.04. ಅಂದರೆ ಕಟ್ಟಡದ ತೂಕದ ನೂರಕ್ಕೆ 4 ಪಾಲಿನಷ್ಟು ಅಡ್ಡ ನೂಕು ಬಲ. ಹಳೆ ಎಕ್ಸೆಲ್ ಹಾಳೆಯಲ್ಲಿದ್ದ 0.04 ಅನ್ನೇ ಹೊಸ ಸೂತ್ರಕ್ಕೆ ಹಾಕಿದರೆ ಉತ್ತರ 0.01, ಬೇಕಾದುದರ ಕಾಲು ಭಾಗ! ಪರದೆಯ ಮೇಲೆ ಮಾತ್ರ ಎಲ್ಲವೂ 'ಪಾಸ್'.

ಕರಾವಳಿಯವರಿಗೆ ಇದಕ್ಕಿಂತ ಹತ್ತಿರದ ಅಪಾಯ ಬೇರೆಯಿದೆ. ಸರಳಿನ ಹೊರಗೆ ಇರುವ ಕಾಂಕ್ರೀಟ್ ಪದರಕ್ಕೆ 'ಕವರ್' ಎನ್ನುತ್ತಾರೆ. ಉಪ್ಪುಗಾಳಿ ಈ ಪದರವನ್ನು ದಾಟಿ ಒಳಹೊಕ್ಕರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಸೀಳಿ ಉದುರುತ್ತದೆ. ಹಾಗಾಗಿ 2000ದ ಐಎಸ್ 456 ಪ್ರಕಾರ, ಸೌಮ್ಯ ಹವೆಯಲ್ಲಿ ಸ್ಲ್ಯಾಬಿಗೆ 20 ಮಿ.ಮೀ. ಕವರ್, ಎಂ-20 ಕಾಂಕ್ರೀಟ್ ಸಾಕು. ಕಡಲ ಹವೆಗೆ ತೆರೆದಿದ್ದರೆ 45 ಮಿ.ಮೀ. ಮತ್ತು ಎಂ-30 ಬೇಕು. ಉಪ್ಪುಗಾಳಿಯಿಂದ ಮರೆಯಾಗಿದ್ದರೂ 30 ಮಿ.ಮೀ., ಎಂ-25. ಹುಬ್ಬಳ್ಳಿಯ ಮನೆಗೆ ಮಾಡಿದ ಫೈಲನ್ನೇ ಹೆಸರು ಬದಲಿಸಿ ಅಂಕೋಲೆಯ ಬೇಲೇಕೇರಿಗೆ ಬಳಸಿದರೆ ಸಾಫ್ಟ್‌ವೇರ್ ತಡೆಯುವುದಿಲ್ಲ. ಮನೆ ಮರುದಿನ ಬೀಳುವುದೂ ಇಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ತಾರಸಿಯ ಅಡಿಯಿಂದ ಹಕ್ಕಳೆ ಉದುರುತ್ತದೆ. ಆಗ ಬೈಗುಳ ಸಿಗುವುದು ಸಿಮೆಂಟ್ ಕಂಪನಿಗೆ.

ಹಳೆ ಮನೆಯ ಮೇಲೆ ಮಹಡಿ ಎಬ್ಬಿಸುವವರು ಇನ್ನೂ ಎಚ್ಚರವಾಗಿರಬೇಕು. ಹಿಂದಿನ ನುಣುಪು ಸರಳಿನ ಬಲ 250, ಇಂದಿನ ಟಿಎಂಟಿ ಸರಳಿನದು ಸಾಮಾನ್ಯವಾಗಿ 500. ಹಳೆ ಕಂಬಕ್ಕೂ ಲೆಕ್ಕದಲ್ಲಿ 500 ಎಂದೇ ಬಿಟ್ಟರೆ, ಇರುವ ಕಬ್ಬಿಣಕ್ಕೆ ಇಲ್ಲದ ಬಲ ಕೊಟ್ಟಂತಾಯಿತು.

ದೊಡ್ಡ ದೊಡ್ಡವರೂ ಎಡವಿದ್ದಾರೆ. ನಾರ್ವೆಯಲ್ಲಿ 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎಂಬ ತೈಲ ವೇದಿಕೆಯ ಕಾಂಕ್ರೀಟ್ ತಳ ಪರೀಕ್ಷೆಯ ವೇಳೆಯೇ ಮುಳುಗಿತು. ಕಂಪ್ಯೂಟರಿಗೆ ಕೊಟ್ಟ ಮಾದರಿ ಒರಟಾಗಿತ್ತು; ಗೋಡೆಯನ್ನು ಕತ್ತರಿಸುವ ಬಲವನ್ನು ಅದು ಸುಮಾರು ಶೇ. 47ರಷ್ಟು ಕಡಿಮೆ ತೋರಿಸಿತ್ತು. ಆಮೇಲೆ ಹೆಚ್ಚು ಎಚ್ಚರದಿಂದ ಮತ್ತೆ ಲೆಕ್ಕ ಹಾಕಿದಾಗ, ಗೋಡೆ ಎಷ್ಟು ಆಳದಲ್ಲಿ ಸೋಲುತ್ತದೆ ಎಂಬುದು ಹೆಚ್ಚುಕಮ್ಮಿ ಸರಿಯಾಗಿಯೇ ಸಿಕ್ಕಿತು.

ಹಾಗೆಂದು ಸಾಫ್ಟ್‌ವೇರೇ ಬೇಡ ಎಂದಲ್ಲ. ಮನೆ ಕಟ್ಟಿಸುತ್ತಿದ್ದರೆ ನಿಮ್ಮ ಎಂಜಿನಿಯರರನ್ನು ಕೇಳಿ: ಯಾವ ವರ್ಷದ ಐಎಸ್ ನಿಯಮ ಹಾಕಿದ್ದೀರಿ? ಹವೆಯ ವರ್ಗ ಯಾವುದು? ಒಂದು ಕಂಬವನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ನೋಡಿದ್ದೀರಾ? ಸರಿಯಾಗಿ ಕೆಲಸ ಮಾಡಿದವರು ಇದಕ್ಕೆ ಬೇಸರಿಸುವುದಿಲ್ಲ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಸರಳಿನ ಕೆಳಗಿಟ್ಟ ಕವರ್ ಬ್ಲಾಕ್ ಒಂದನ್ನು ಎತ್ತಿ, ಮಕ್ಕಳ ಸ್ಕೇಲಿನಿಂದ ನೀವೇ ಅಳೆದು, ನಕ್ಷೆಯಲ್ಲಿ ಬರೆದ ಅಂಕಿಗೆ ಹೋಲಿಸಿ ನೋಡಿ.