ಅಕ್ಕಿಪೇಟೆಗೆ ಎಷ್ಟು ಪ್ರೆಶರ್?

ನೀವು ಬಸ್ಸಿಗೆ ಕಾಯೋ ಮೆಜೆಸ್ಟಿಕ್ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಅಲ್ಲಿಂದ ಅಕ್ಕಿಪೇಟೆ ನಡೆದು ಹೋಗೋವಷ್ಟು ದೂರ. ಅಂದರೆ ಪೇಟೆಗೆ ಬೆಂಕಿ ಬಿದ್ದರೆ ನೀರೇನೋ ಪಕ್ಕದಲ್ಲೇ ಇತ್ತು, ಇಲ್ಲದ್ದು ಒತ್ತಡ. ಕೊಡ ಹೊತ್ತ ರಟ್ಟೆಗಳೇ ಪಂಪು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂತು, ಆಮೇಲೆ ಕೆರೆ ಹೋಯ್ತು. ಉಳಿದದ್ದು ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಗಲ್ಲಿಗಳು. ಎತ್ತಿನ ಗಾಡಿಯ ಕಾಲದ ಅಗಲ, ಮೇಲೆ ಈಗ ಮೂರು ನಾಲ್ಕು ಮಹಡಿ.

ಹೋಸಿನೊಳಗೆ ನೀರು ಎಷ್ಟು ಒತ್ತಡ ಕಳ್ಕೊಳ್ಳುತ್ತೆ ಅಂತ ಕೂತು ಅಳೆದವನು ಜಾನ್ ಫ್ರೀಮನ್. ಅಮೆರಿಕದವನು, ಕಾರ್ಖಾನೆಗಳಿಗೆ ವಿಮೆ ಕೊಡೋ ಕಂಪನಿಗಳ ಎಂಜಿನಿಯರ್. (ಸುಟ್ಟರೆ ದುಡ್ಡು ಕೊಡಬೇಕಾದವರಿಗೆ ಇಂಥ ಕುತೂಹಲ ಜಾಸ್ತಿ.) 1889ರಲ್ಲಿ ಅವನ ಪ್ರಯೋಗಗಳು ಅಚ್ಚಾದವು. ಮುಖ್ಯ ಸಂಗತಿ ಇದು: ಹರಿವು ಎರಡು ಪಟ್ಟಾದರೆ ಘರ್ಷಣೆಯ ನಷ್ಟ ನಾಲ್ಕು ಪಟ್ಟು.

ಅಕ್ಕಿಪೇಟೆಗೆ ಹಾಕಿ ನೋಡೋಣ. ಗಾಡಿ ಗಲ್ಲಿಯೊಳಗೆ ನುಗ್ಗಲ್ಲ, ಮುಖ್ಯರಸ್ತೆಯಲ್ಲೇ ನಿಲ್ಲುತ್ತೆ. ಅಲ್ಲಿಂದ 30 ಮೀಟರಿನ ಐದು ಹೋಸು, 63 ಮಿಲಿಮೀಟರ್ ವ್ಯಾಸದ್ದು. ಬೆಂಕಿ ಮೂರನೇ ಮಹಡಿಯಲ್ಲಿ. ನಾಝಲ್ ತುದಿಗೆ ಚದರ ಸೆಂಟಿಮೀಟರಿಗೆ 3.5 ಕೆಜಿ ಒತ್ತಡ ಬೇಕು ಅಂತಿಟ್ಟುಕೊಳ್ಳಿ. 10 ಮೀಟರ್ ಎತ್ತರಕ್ಕೆ ಇನ್ನೊಂದು ಕೆಜಿ. ನಿಮಿಷಕ್ಕೆ 900 ಲೀಟರ್ ಹರಿಸಿದರೆ ಒಂದೊಂದು ಹೋಸಿಗೂ ಸುಮಾರು 0.8 ನಷ್ಟ, ಐದಕ್ಕೆ 4. ಒಟ್ಟು 8.5. ನಮ್ಮ ಅಗ್ನಿಶಾಮಕ ಪಂಪುಗಳನ್ನ ಸಾಮಾನ್ಯವಾಗಿ ಅಳೆಯೋದೇ 7 ಕೆಜಿ ಒತ್ತಡದಲ್ಲಿ. ಪಂಪಿನ ಹತ್ತಿರ ನಿಂತವನಿಗೆ ಬೆಂಕಿ ಕಾಣಲ್ಲ, ಗಲ್ಲಿ ತಿರುವಿನಾಚೆ ಇರುತ್ತೆ. ಅವನಿಗೆ ಕಾಣೋದು ಗೇಜಿನ ಮುಳ್ಳು ಮಾತ್ರ. ಈ ಕೂಡುಲೆಕ್ಕ ತಪ್ಪಿ ಕಡಿಮೆ ಕೊಟ್ಟರೆ ಮಹಡಿ ಮೇಲಿರೋ ಸಹೋದ್ಯೋಗಿಯ ಕೈಲಿ ನೀರಿನ ಧಾರೆ ಬಾಗಿ ಬೀಳುತ್ತೆ. ಜಾಸ್ತಿ ಕೊಟ್ಟರೆ ನಾಝಲ್ಲೇ ಅವನನ್ನ ಹಿಂದಕ್ಕೆ ತಳ್ಳುತ್ತೆ.

ಬಾವಿಯಿಂದ ನೀರೆತ್ತೋದಾದರೆ ಇನ್ನೊಂದು ತೊಡಕು. ಪಂಪು ನೀರನ್ನ ಎಳೆಯಲ್ಲ, ಗಾಳಿಯ ಒತ್ತಡ ತಳ್ಳುತ್ತೆ. ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ 10.3 ಮೀಟರ್ ಏರುವ ನೀರು, 900 ಮೀಟರಿಗೂ ಮೇಲಿರೋ ಬೆಂಗಳೂರಲ್ಲಿ ಒಂದು ಮೀಟರ್ ಕಡಿಮೆ ಏರುತ್ತೆ. ನಮ್ಮ ತಂಪು ಹವೆಗೆ ತೆತ್ತ ಬೆಲೆ ಅನ್ನಿ.

8.5ರ ಸಮಸ್ಯೆಗೆ ಉತ್ತರ ಫ್ರೀಮನ್ನನ ಲೆಕ್ಕದಲ್ಲೇ ಇದೆ. ಒಂದರ ಬದಲು ಎರಡು ಸಾಲು ಹೋಸು ಹಾಸಿ, ತುದಿಯಲ್ಲಿ ಸೇರಿಸೋದು. ಪ್ರತಿ ಸಾಲಿನಲ್ಲೂ 450 ಲೀಟರ್, ನಷ್ಟ ನಾಲ್ಕರಿಂದ ಒಂದಕ್ಕೆ ಇಳಿಯುತ್ತೆ, ಪಂಪಿಗೆ 5.5 ಸಾಕು. ಆದರೆ ಅದಕ್ಕೆ ಐದಲ್ಲ, ಹತ್ತು ಹೋಸು ಬೇಕು. ಹಾಸೋಕೆ ಇನ್ನಷ್ಟು ಕೈ ಬೇಕು. ಆ ಗಲ್ಲಿಯಲ್ಲಿ ಯಾರದೋ ಸ್ಕೂಟರಿನ ಚಕ್ರ ಹೋಸಿನ ಮೇಲೆ ನಿಂತಿರಬಾರದು.